ಹಸಿಕಸ ವಾರ್ಡಿನಲ್ಲೇ ಗೊಬ್ಬರವಾಯಿತು: ಮೊದಲು ಕಡತ, ಆಮೇಲೆ ತೊಟ್ಟಿ

"ಈ ಮಳೆಗೆ ಅದೆಲ್ಲ ಆಗುವುದಲ್ಲ ಮಾರಾಯ್ರೆ" ಎಂದವರೇ ಹೆಚ್ಚು. ಮಂಗಳೂರಿನ ಒಂದು ವಾರ್ಡಿನ ಸುಮಾರು 150 ಮನೆಗಳ ಹಸಿಕಸ ಎರಡು ಮಳೆಗಾಲ ದಾಟಿ ಈಗಲೂ ಅಲ್ಲೇ ಗೊಬ್ಬರವಾಗುತ್ತಿದೆ. 2019ರಲ್ಲಿ ನಗರದ ಕಸ ಸುರಿಯುತ್ತಿದ್ದ ಪಚ್ಚನಾಡಿಯ ಕಸದ ಗುಡ್ಡ ಪಕ್ಕದ ಮಂದಾರ ಎಂಬ ಊರಿನ ತೋಟಗಳ ಮೇಲೆ ಜಾರಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಮೊದಲ ಸಲ ನಾವೇ ಎಡವಿದೆವು. ಅಂದಾಜು ಪಟ್ಟಿಯಲ್ಲಿ ಕಸ ಕೊಳೆಯಿಸುವ ಜಾಲರಿ ಪಂಜರ, ಶೀಟು ಎಲ್ಲ ಇತ್ತು. ಕೂಲಿಗೆ ಲೆಕ್ಕಶೀರ್ಷಿಕೆಯೇ (ಹಣ ತೆಗೆದಿಡುವ ಬಾಬತ್ತು) ಇರಲಿಲ್ಲ. ಮೂರನೇ ತಿಂಗಳು ಸ್ವಸಹಾಯ ಸಂಘದ ಹೆಂಗಸರು ಬರಲಿಲ್ಲ, ಕೂಲಿಯಿಲ್ಲದೆ ಬರಬೇಕಾಗಿಯೂ ಇರಲಿಲ್ಲ. ಎರಡನೇ ಸಲ ಕೂಲಿಯನ್ನೇ ಮೊದಲ ಸಾಲಿನಲ್ಲಿ ಬರೆದೆವು: ಇಬ್ಬರಿಗೆ ತಿಂಗಳಿಗೆ ಆರಾರು ಸಾವಿರ. ಆರು ಪಂಜರ, ಮಾಡು (ಚಾವಣಿ) ಸೇರಿ ಎಪ್ಪತ್ತು ಸಾವಿರದ ಹತ್ತಿರ. ಗೊಬ್ಬರ ಮಾರಿ ಕೂಲಿ ಕೊಡುತ್ತೇವೆ ಎಂದು ಟಿಪ್ಪಣಿಯಲ್ಲಿ ಬರೆಯಲೇಬೇಡಿ. ದಿನಕ್ಕೆ 90 ಕಿಲೋ ಕಸ ಹಾಕಿದರೆ ಕೈಗೆ ಬರುವುದು ಹದಿನೈದು ಕಿಲೋ. ತಿಂಗಳಿಗೆ ಮೂರು ಸಾವಿರ ದಾಟುವುದಿಲ್ಲ. ನಿಜವಾದ ಉಳಿತಾಯ ಕಸ ಸಾಗಿಸುವ ಲಾರಿ ಬಾಡಿಗೆಯದ್ದು. ದಿನಾ ತೂಕದ ರಿಜಿಸ್ಟರ್ ಬರೆದರೆ ಮಾತ್ರ ಲೆಕ್ಕಪತ್ರ ವಿಭಾಗ ಆ ಉಳಿತಾಯವನ್ನು ಒಪ್ಪುತ್ತದೆ.

ನಿರ್ಣಯದಲ್ಲಿ ಹೊಣೆಯನ್ನು ಅಧಿಕಾರಿಯ ಹೆಸರಿಗಲ್ಲ, ಪರಿಸರ ಇಂಜಿನಿಯರ್ ಹುದ್ದೆಗೆ ಬರೆಸಿದೆವು. ವರ್ಗಾವಣೆಯಾದರೂ ಕೆಲಸ ನಿಲ್ಲಲಿಲ್ಲ. "ಆರು ತಿಂಗಳ ಪ್ರಯೋಗ, ಆಗದಿದ್ದರೆ ನಿಲ್ಲಿಸುವುದು" ಎಂಬ ಸಾಲೂ ಇತ್ತು. ಆ ಸಾಲಿದ್ದರೆ ಸಹಿ ಹಾಕುವವರಿಗೆ ಆಡಿಟ್ ಭಯ ಕಡಿಮೆ.

ಮಳೆಗಾಲದ ಸಂಗತಿ ಬೇರೆ. ಬೇಸಿಗೆಯಲ್ಲಿ ಮೂರು ಬಕೆಟ್ ಕಸಕ್ಕೆ ಒಂದು ಬಕೆಟ್ ತೆಂಗಿನ ನಾರಿನ ಪುಡಿ ಸಾಕು; ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಒಂದಕ್ಕೊಂದು ಆದರೂ ಕೆಲವೊಮ್ಮೆ ಸಾಲದು. ಮಾಡಿನ ಅಂಚು ಪಂಜರದಿಂದ ಮೂರು ಅಡಿ ಹೊರಗೆ ಚಾಚಿರಬೇಕು, ಇಲ್ಲವಾದರೆ ಇರಚಲು ಹೊಡೆದು ಹುಳು ಬೀಳುತ್ತದೆ. ಪಂಜರದ ಕಸವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ಕೆಟ್ಟಿತೆಂದೇ ಲೆಕ್ಕ. ನಡುವೆ ಚುಚ್ಚಿಟ್ಟ ಕಬ್ಬಿಣದ ಸರಳು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬೇಕು. ಆಗದಿದ್ದರೆ ತಿರುವಿ ಹಾಕಿ. ಮೇಲೆ ಹೊದಿಸುವುದರಲ್ಲಿ ಇನ್ನೊಂದು ಪದರ ಇದೆ, ಅದನ್ನು ಬಂದು ನೋಡಿದವರಿಗೆ ಮಾತ್ರ ಹೇಳುತ್ತೇವೆ.

ಮೀನಿನ ತಲೆ-ಕರುಳು ಪಂಜರಕ್ಕೆ ಹಾಕಿ ಅಕ್ಕಪಕ್ಕದವರ ಬೈಗುಳ ತಿಂದದ್ದಾಯಿತು. ಈಗ ಸಮತೂಕ ಬೆಲ್ಲ ಸೇರಿಸಿ ಡ್ರಮ್ಮಿನಲ್ಲಿ ಮುಚ್ಚಳ ಸಡಿಲ ಬಿಟ್ಟು ಇಡುತ್ತೇವೆ, ಬಿಗಿ ಮಾಡಿದರೆ ಉಬ್ಬುತ್ತದೆ. ಇಪ್ಪತ್ತೈದು ದಿನಕ್ಕೆ ಸೋಸಿ, ಲೀಟರ್ ನೀರಿಗೆ ಎರಡು ಮಿಲಿ ಬೆರೆಸಿ ಗಿಡಕ್ಕೆ ಹಾಕುವುದು. ಮಲ್ಲಿಗೆ ಬೆಳೆಯುವವರು ಬಾಟಲಿ ತಂದು ಒಯ್ಯುತ್ತಾರೆ. ಅದಕ್ಕಿನ್ನೂ ಕಡತ ತೆರೆದಿಲ್ಲ.