ಸಿಯೆರಾ ಗೂಸ್‌ಬೆರಿ: ಮುಳ್ಳಿನ ಹಣ್ಣನ್ನು ಪಳಗಿಸಿಕೊಂಡ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತದ ಪೈನ್ ಕಾಡುಗಳಲ್ಲಿ ಸೊಂಟದೆತ್ತರಕ್ಕೆ ಬೆಳೆಯುವ ಸಿಯೆರಾ ಗೂಸ್‌ಬೆರಿಗೆ ಗೆಣ್ಣುಗೆಣ್ಣಿಗೂ ಮುಳ್ಳು. ಅದು ಸಾಲದೆಂಬಂತೆ ಹಣ್ಣಿನ ಮೈತುಂಬ ಮತ್ತೆ ಮುಳ್ಳು. ನಮ್ಮ ಬೆಟ್ಟದ ನೆಲ್ಲಿಗೂ ಇದಕ್ಕೂ ಯಾವ ನಂಟೂ ಇಲ್ಲ, ಆದರೆ ಹುಳಿಸಿಹಿ ಬೆರೆತ ಇದರ ರಸ ನಮ್ಮ ಗೊಜ್ಜಿಗೆ ಚೆನ್ನಾಗಿ ಹೊಂದುತ್ತದೆ.

ಕಾಡಿನಿಂದ ಹಣ್ಣು ತರುವ ನಿಯಮ ಎಲ್ಲೆಡೆ ಒಂದೇ ಅಲ್ಲವಾದ್ದರಿಂದ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುತ್ತೇನೆ. ಬೇಸಿಗೆಯ ಕೊನೆಯಲ್ಲಿ, ಹಣ್ಣು ಕೆಂಪಿನಿಂದ ನೇರಳೆಗೆ ತಿರುಗಿದಾಗ, ದಪ್ಪ ಚರ್ಮದ ಕೈಗವಸು ತೊಟ್ಟು ಒಂದು ಕೈಯಿಂದ ಕೊಂಬೆಯನ್ನೆತ್ತಿ, ಅಡಿಯಲ್ಲಿ ಒಂಟಿಯಾಗಿ ಜೋತಾಡುವ ಹಣ್ಣನ್ನು ಇನ್ನೊಂದು ಕೈಯಿಂದ ಬಿಡಿಸಬೇಕು. ಮುಳ್ಳನ್ನು ಒಂದೊಂದಾಗಿ ಕೀಳುವುದು ವ್ಯರ್ಥ ಶ್ರಮ. ತೊಳೆದ ಹಣ್ಣುಗಳನ್ನು ಇಡಿಯಾಗಿಯೇ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರೆರೆದು ಸಣ್ಣ ಉರಿಯಲ್ಲಿ ಬೇಯಿಸಿದರೆ ಸಿಪ್ಪೆ ಒಡೆದು ಮುಳ್ಳು ಮೆತ್ತಗಾಗುತ್ತದೆ. ಬಳಿಕ ಸೌಟಿನಿಂದ ಮಸೆದು ತೆಳುಬಟ್ಟೆಯಲ್ಲಿ ಸೋಸಿದರೆ ಸಿಪ್ಪೆ, ಮುಳ್ಳು, ಬೀಜ ಮೂರೂ ಬಟ್ಟೆಯಲ್ಲುಳಿದು ಕೆಂಪು ರಸವಷ್ಟೇ ಇಳಿಯುತ್ತದೆ. ಅದಕ್ಕೆ ಬೆಲ್ಲ, ಉಪ್ಪು, ಖಾರದ ಪುಡಿ ಹಾಕಿ ಕುದಿಸಿ ಸಾಸಿವೆ, ಇಂಗಿನ ಒಗ್ಗರಣೆ ಕೊಡುತ್ತೇನೆ. ಸಕ್ಕರೆ ಹಾಕಿ ಜೆಲ್ಲಿ ಮಾಡುವುದೇ ಅಲ್ಲಿನ ರೂಢಿ. ನನಗೇನೋ ಗೊಜ್ಜೇ ಮೇಲು.

ಬೆಂದ ಬೀಜ ಬಿತ್ತನೆಗೆ ಬಾರದು, ಆದ್ದರಿಂದ ಕೆಲವು ಹಣ್ಣುಗಳನ್ನು ಹಸಿಯಾಗಿಯೇ ಹಿಚುಕಿ ಬೀಜ ತೊಳೆದುಕೊಂಡೆ. ಬೆಟ್ಟದ ಚಳಿಗಾಲವನ್ನು ಕಳೆಯದೆ ಅವು ಮೊಳೆಯುವುದಿಲ್ಲ. ಒದ್ದೆ ಮರಳಿನಲ್ಲಿ ಬೆರೆಸಿ ಸುಮಾರು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ವಸಂತದಲ್ಲಿ ಬಿತ್ತಿದೆ. ಅರೆನೆರಳು ಮತ್ತು ನೀರು ನಿಲ್ಲದ ಮಣ್ಣು ಇದಕ್ಕೆ ಸಾಕು. ಕೆಂಗಂದು ಪುಷ್ಪಪತ್ರ (ಹೂವಿನ ಹೊರಸುತ್ತಿನ ಎಸಳು) ಹಿಂದಕ್ಕೆ ಮಡಚಿಕೊಂಡು ತಲೆಕೆಳಗಾಗಿ ತೂಗುವ ಹೂವಿಗೆ ಹಮ್ಮಿಂಗ್ ಬರ್ಡ್‌ಗಳು ಬರುತ್ತವೆ.

ನೆಡುವ ಮುನ್ನ ನೋಡಲೇಬೇಕಾದದ್ದು ಅಕ್ಕಪಕ್ಕದ ಪೈನ್ ಮರಗಳನ್ನು. ಬ್ಲಿಸ್ಟರ್ ರಸ್ಟ್ ಎಂಬ ತುಕ್ಕುರೋಗ ಪೈನಿನಿಂದ ಪೈನಿಗೆ ನೇರವಾಗಿ ಹರಡದೆ, ಮುಖ್ಯವಾಗಿ ಗೂಸ್‌ಬೆರಿ ಜಾತಿಯ ಗಿಡಗಳ ಎಲೆಯ ಮೂಲಕವೇ ಹಾದುಹೋಗುತ್ತದೆ. ಈ ಕಾರಣಕ್ಕೆ 1930ರ ದಶಕದಲ್ಲಿ ಸರ್ಕಾರವೇ ಕೂಲಿಯಾಳುಗಳನ್ನಿಟ್ಟು ಸಿಯೆರಾದ ಕಾಡುಗಳಲ್ಲಿ ಈ ಪೊದೆಗಳನ್ನು ಬೇರುಸಹಿತ ಕೀಳಿಸಿತ್ತು. ಇಂಥ ಗಿಡಗಳನ್ನು ಬೆಳೆಸುವುದಕ್ಕಿದ್ದ ಅಮೆರಿಕದ ಕೇಂದ್ರ ಸರ್ಕಾರದ ನಿಷೇಧ 1966ರಲ್ಲಿ ತೆರವಾದರೂ ಕೆಲವು ರಾಜ್ಯಗಳಲ್ಲಿ ನಿರ್ಬಂಧ ಇಂದಿಗೂ ಇದೆ. ರೋಗ ತಗಲುವುದು ಐದೆಲೆಯ ಪೈನುಗಳಿಗೆ ಮಾತ್ರ: ಉದುರಿದ ಸೂಜಿಯೆಲೆಯ ಗೊಂಚಲನ್ನು ಬಿಡಿಸಿ ಎಣಿಸಿದರೆ ಶುಗರ್ ಪೈನಿನದು ಐದು, ಪಾಂಡರೋಸಾದ್ದು ಮೂರು. ನನ್ನ ಹಿತ್ತಿಲಿನ ಸುತ್ತ ಸಿಕ್ಕಿದ್ದೆಲ್ಲ ಮೂರೆಲೆಯದಾಗಿದ್ದರಿಂದ ಬೇಲಿಯ ಪಕ್ಕದಲ್ಲೇ ಗುಂಡಿ ತೋಡಿದೆ.