ಸೋಂಕಾದ ಹಲ್ಲಿನ ಬೇರುನಾಳವನ್ನು ತೊಳೆಯುವ ಕ್ರಮ

ಬೇರುನಾಳ ಚಿಕಿತ್ಸೆಯನ್ನು ಹೊಸದಾಗಿ ಕಲಿಯುವ ದಂತವೈದ್ಯರು ನಾಳವನ್ನು ಉಜ್ಜಿ ಅಗಲಿಸುವ ಸೂಜಿಯಂಥ ಸಾಧನವಾದ ಫೈಲಿಗೆ ಕೊಡುವಷ್ಟು ಗಮನವನ್ನು ದ್ರಾವಣ ಹರಿಸುವ ಸಿರಿಂಜಿಗೆ ಕೊಡುವುದಿಲ್ಲ. ನಾಳವೇನೂ ದುಂಡಗಿನ ಕೊಳವೆಯಲ್ಲ. ಅದು ಕೆಲವೆಡೆ ಚಪ್ಪಟೆಯಾಗಿ, ಕೆಲವೆಡೆ ಕವಲೊಡೆದು, ಪಕ್ಕದ ನಾಳದೊಂದಿಗೆ ಕಿರಿದಾದ ಸಂದುಗಳಿಂದ ಕೂಡಿಕೊಂಡಿರುವುದರಿಂದ, ಎಷ್ಟೇ ನುರಿತ ಕೈಯಾದರೂ ಗೋಡೆಯ ಸಾಕಷ್ಟು ಭಾಗ ಫೈಲಿಗೆ ಸಿಗದೆ ಉಳಿಯುತ್ತದೆ. ಫೈಲು ದಾರಿ ಮಾಡಿಕೊಡುತ್ತದೆ, ತೊಳೆಯುವ ಕೆಲಸ ದ್ರಾವಣದ್ದು. 1965ರಲ್ಲಿ ಸಂಶೋಧಕ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟು ನೋಡಿದಾಗ, ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ಗಾಯ ಮಾಯಿತು, ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತುಹೋಯಿತು. ನಮ್ಮ ಹೋರಾಟ ಯಾರೊಡನೆ ಎಂಬುದನ್ನು ಆ ಪ್ರಯೋಗ ತೋರಿಸಿಕೊಟ್ಟಿದೆ.

ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರ್ಪಡಿಸುವ ರಬ್ಬರ್ ಹಾಳೆಯಾದ ರಬ್ಬರ್ ಡ್ಯಾಮ್ ಹಾಕದೆ ಕೆಲಸಕ್ಕೆ ಕೈಹಾಕಬಾರದು. ಅದು ಜೊಲ್ಲಿನೊಂದಿಗೆ ಹೊಸ ಸೋಂಕು ಒಳಹೋಗುವುದನ್ನು ತಡೆಯುತ್ತದೆ, ದ್ರಾವಣ ಗಂಟಲಿಗೆ ಇಳಿಯುವುದನ್ನೂ ತಡೆಯುತ್ತದೆ. ರೋಗಿಯ ಕಣ್ಣಿಗೆ ಕನ್ನಡಕ, ಬಟ್ಟೆಯ ಮೇಲೆ ಹೊದಿಕೆ ಇರಲಿ. ಹುಳುಕನ್ನೂ ಸೋರುವ ಹಳೆಯ ಫಿಲ್ಲಿಂಗನ್ನೂ ಪೂರ್ತಿ ತೆಗೆದ ಮೇಲೆ ಎಲ್ಲ ನಾಳಗಳ ಬಾಯಿಯನ್ನೂ ಹುಡುಕಬೇಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಆಗಾಗ ಕಣ್ತಪ್ಪಿಸುತ್ತದೆ, ಕಾಣದ ನಾಳವನ್ನು ಯಾವ ದ್ರಾವಣವೂ ತೊಳೆಯಲಾರದು. ಆಮೇಲೆ ಬೇರಿನ ತುದಿಯನ್ನು ಪತ್ತೆಹಚ್ಚುವ ಉಪಕರಣವಾದ ಅಪೆಕ್ಸ್ ಲೊಕೇಟರ್ ಮತ್ತು ಎಕ್ಸ್-ರೇ ಎರಡರಿಂದಲೂ ನಾಳದ ಉದ್ದವನ್ನು ಖಚಿತಪಡಿಸಿಕೊಳ್ಳಬೇಕು.

ಮುಖ್ಯ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್. ಶೇ. 0.5ರಿಂದ 6ರವರೆಗಿನ ಸಾಂದ್ರತೆಗಳು ಬಳಕೆಯಲ್ಲಿವೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದರ ಜೊತೆಗೆ ಸತ್ತ ತಿರುಳನ್ನೂ ಕರಗಿಸುವ ಗುಣ ಇದಕ್ಕಿರುವುದರಿಂದ ಇದರ ಜಾಗವನ್ನು ಬೇರೆ ದ್ರಾವಣ ತುಂಬಿಲ್ಲ. ಆದರೆ ಕೊಳೆಯನ್ನು ಕರಗಿಸುತ್ತಲೇ ಇದರ ಕ್ಲೋರಿನ್ ಖರ್ಚಾಗುತ್ತದೆ. ಒಮ್ಮೆ ತುಂಬಿ ಬಿಟ್ಟರೆ ಸಾಲದು, ಪ್ರತಿ ಫೈಲಿನ ನಂತರವೂ ಹೊಸದಾಗಿ ಹರಿಸಬೇಕು. ಮೊದಮೊದಲು ಮೇಲೆ ಬರುವ ದ್ರಾವಣ ಕದಡಿರುತ್ತದೆ, ನಾಳದ ಗೋಡೆಯ ಗಟ್ಟಿ ಪದಾರ್ಥವಾದ ಡೆಂಟಿನ್‌ನ ಪುಡಿ ಅದರಲ್ಲಿ ತೇಲುತ್ತಿರುತ್ತದೆ. ಅದು ತಿಳಿಯಾದ ಮಾತ್ರಕ್ಕೆ ಕೆಲಸ ಮುಗಿದಿಲ್ಲ.

ಸಿರಿಂಜಿನ ಸೂಜಿ ಬಹಳ ಸಣ್ಣದಾದ 30 ಗೇಜಿನದ್ದಾಗಿದ್ದು, ತುದಿ ಮುಚ್ಚಿ ಪಕ್ಕದಲ್ಲಿ ರಂಧ್ರವಿರುವಂಥದ್ದಾಗಿರಬೇಕು. ನಾಳದ ಉದ್ದಕ್ಕಿಂತ ಸುಮಾರು 2 ಮಿ.ಮೀ. ಕಡಿಮೆಗೆ ಅದರ ಮೇಲೆ ಆಳದ ಗುರುತಾಗಿ ರಬ್ಬರ್ ಸ್ಟಾಪ್ ಇಟ್ಟು, ಹೆಬ್ಬೆರಳಿನ ಬದಲು ತೋರುಬೆರಳಿನಿಂದ ಮೆಲ್ಲಗೆ ಒತ್ತುತ್ತ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಎಲ್ಲಾದರೂ ಸಿಕ್ಕಿಕೊಂಡಂತೆ ಅನ್ನಿಸಿದರೆ ಒತ್ತುವುದನ್ನು ನಿಲ್ಲಿಸಿ ಹಿಂದಕ್ಕೆ ಎಳೆಯಿರಿ. ದ್ರಾವಣ ಬೇರಿನ ತುದಿ ದಾಟಿದರೆ ಆ ಕ್ಷಣವೇ ತೀವ್ರ ನೋವು, ಊತ, ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಈ ಒಂದು ಅಪಾಯಕ್ಕಾಗಿ ಎಷ್ಟು ಎಚ್ಚರಿಕೆ ವಹಿಸಿದರೂ ಹೆಚ್ಚಲ್ಲ. ತುದಿಯ ಭಾಗದಲ್ಲಿ ಗಾಳಿಗುಳ್ಳೆ ನಿಂತು ದ್ರಾವಣವನ್ನು ತಡೆಯುವುದೂ ಉಂಟು. ಅಲ್ಟ್ರಾಸಾನಿಕ್ ತುದಿಯನ್ನು ಗೋಡೆಗೆ ತಾಗಿಸದೆ ಕೆಲವು ಸೆಕೆಂಡುಗಳಷ್ಟು ಆಡಿಸಿ, ದ್ರಾವಣ ಬದಲಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಸಂದುಗಳಿಗೂ ಅದು ನುಗ್ಗುತ್ತದೆ.

ಫೈಲಿನ ಉಜ್ಜುವಿಕೆಯಿಂದ ಗೋಡೆಗೆ ಮೆತ್ತಿಕೊಳ್ಳುವ ಪದರವನ್ನು ಕ್ಯಾಲ್ಸಿಯಂ ಹಿಡಿದು ತೆಗೆಯುವ ದ್ರಾವಣವಾದ ಶೇ. 17ರ ಇಡಿಟಿಎ ಸುಮಾರು ಒಂದು ನಿಮಿಷದಲ್ಲಿ ತೆಗೆಯುತ್ತದೆ. ಇಡಿಟಿಎ ಹೈಪೋಕ್ಲೋರೈಟಿನ ಶಕ್ತಿಯನ್ನು ಕುಂದಿಸುವುದರಿಂದ ಎರಡನ್ನೂ ಬೆರೆಸಬಾರದು. ಇನ್ನೊಂದು ಸೂಕ್ಷ್ಮಜೀವಿನಾಶಕವಾದ ಕ್ಲೋರ್‌ಹೆಕ್ಸಿಡಿನ್ ಬಳಸುವುದಾದರೆ ನಡುವೆ ಸಲೈನಿನಿಂದ (ಉಪ್ಪುನೀರಿನಿಂದ) ಚೆನ್ನಾಗಿ ತೊಳೆದು, ತೇವ ಹೀರುವ ಕಾಗದದ ಕಡ್ಡಿಯಾದ ಪೇಪರ್ ಪಾಯಿಂಟಿನಿಂದ ಒಣಗಿಸಿ; ಹೈಪೋಕ್ಲೋರೈಟ್ ತಾಗಿದರೆ ಅದು ಕಂದುಬಣ್ಣದ ಗಸಿಯಾಗಿ ಡೆಂಟಿನ್ ರಂಧ್ರಗಳನ್ನು ಮುಚ್ಚುತ್ತದೆ.

ಕೀವು ಇಳಿಯುತ್ತಿದ್ದರೆ ಅಂದೇ ನಾಳ ತುಂಬುವ ಆತುರ ಬೇಡ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪವನ್ನು ಪೂರ್ತಿ ಉದ್ದಕ್ಕೆ ತುಂಬಿ, ಮೇಲೆ ಕನಿಷ್ಠ 3.5 ಮಿ.ಮೀ. ದಪ್ಪದ ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಒಂದು ವಾರವಾದರೂ ಬಿಡಬೇಕು. ಮುಂದಿನ ಭೇಟಿಯಲ್ಲಿ ಲೇಪವನ್ನು ತೊಳೆದು ತೆಗೆದು, ಪೇಪರ್ ಪಾಯಿಂಟನ್ನು ಇಳಿಸಿ ಹೊರಗೆಳೆದು ನೋಡಿ: ಅದರ ತುದಿ ಇನ್ನೂ ಕೀವಿನಿಂದ ಒದ್ದೆಯಾಗಿ ಬಂದರೆ ನಾಳವನ್ನು ತುಂಬದೆ, ಮತ್ತೆ ಹೈಪೋಕ್ಲೋರೈಟಿನಿಂದಲೇ ಆರಂಭಿಸಬೇಕು.