ಸ್ಕೂಲ್ ಫ್ರೆಂಡ್ಸ್ ಜೊತೆ ಬೀಚ್‌ಗೆ ಹೋಗೋರಿಗೆ

ಕ್ಲಾಸ್‌ಮೇಟ್ಸ್ ಎಲ್ಲಾ ಮನೆಯವರ ಜೊತೆ ಎರಡು ದಿನ ಬೀಚ್‌ಗೆ ಹೋಗೋದಾದರೆ ಹೊನ್ನಾವರದ ಕಾಸರಕೋಡು ನೋಡಿ. ನಮ್ಮ ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ನೇರ ದಾರಿ. 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛತೆ, ಸುರಕ್ಷತೆ, ಸೌಲಭ್ಯ ನೋಡಿ ಬೀಚ್‌ಗಳಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಬೀಚ್ ಅದು, ಹೆಂಗಸರು ಮಕ್ಕಳಿದ್ದರೆ ಸ್ನಾನ, ಬಟ್ಟೆ ಬದಲಾಯಿಸೋಕೆ ಜಾಗ ಇರೋದೇ ದೊಡ್ಡ ಅನುಕೂಲ ಅಲ್ವಾ. ಗೇರುಸೊಪ್ಪ ಘಾಟಿಯಲ್ಲಿ ತಿರುವು ಜಾಸ್ತಿ, ಅದಕ್ಕೆ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ.

ಮುಖ್ಯವಾದ ಮಾತು ಇದು. ನಾವು ಬಯಲುಸೀಮೆಯವರು, ಕೆರೆಯಲ್ಲಿ ಈಜಿದ ಧೈರ್ಯದ ಮೇಲೆ ಸಮುದ್ರಕ್ಕೆ ಇಳಿಯಬೇಡಿ. ಅಲೆ ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತೆ, ಮೊಣಕಾಲು ನೀರಲ್ಲೂ ಮಕ್ಕಳು ಬಿದ್ದುಬಿಡುತ್ತಾರೆ. ಹರಟೆಯಲ್ಲಿ ಎಲ್ಲರೂ ಮೈಮರೆಯೋದು ಸಹಜ, ಅದಕ್ಕೇ ಸರದಿ ಪ್ರಕಾರ ಇಬ್ಬರು ದೊಡ್ಡವರು ಮಕ್ಕಳನ್ನೇ ನೋಡ್ತಾ ಇರಲಿ, ಕೈಯಲ್ಲಿ ಫೋನ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯೋ ಯೋಚನೆಯೇ ಬೇಡ.